ಸೂತ ಬಿಟ್ಟು ಮೂರು ಸೂತ

ಅವರ ಎಡಗೈ ಮಣಿಕಟ್ಟಿಗೆ ಯಾವಾಗಲೂ ಒಂದು ಬಿಳಿ ದಾರ ಸುತ್ತಿರುತ್ತಿತ್ತು. ಒಂದಲ್ಲ, ಏಳೆಂಟು ಸುತ್ತು. ಮೇಣ ತಿಕ್ಕಿ ತಿಕ್ಕಿ ಬಿಗಿಯಾಗಿದ್ದ ದಾರ ಅದು. ಮೊಳಕೈತನಕ ಎಣ್ಣೆ, ಗ್ರೀಸು, ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೂ ಅದೊಂದು ಹೊಲಸಾಗುತ್ತಿರಲಿಲ್ಲ. ಲೇಥ್ ಅಂಗಡಿಗೆ ಹೊಸದಾಗಿ ಬಂದವರು ಕೈ ಮುಗಿಯುವ ಹಾಗೆ ನೋಡಿ, "ಯಾವ ದೇವರ ದಾರ್‌ರೀ ಕಾಕಾ ಇದು?" ಅಂತ ಕೇಳುತ್ತಿದ್ದರು. "ಲೇಥ್ ದೇವರದು. ಭಾಳ ಸಿಟ್ಟಿನ ದೇವರು, ಸರಿದು ನಿಂದರ್ರಿ" ಅನ್ನುತ್ತಿದ್ದರು ಅವರು, ನಗದೇ.

ದೇವರ ದಾರವಲ್ಲ ಅದು. ಗಾಡಿಯ ಹಿಂದಿನ ಗಾಲಿಯಿಂದ ಮುಂದಿನ ಗಾಲಿಯವರೆಗೆ ಬಿಚ್ಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಗೆರೆ ನೆಟ್ಟಗಿದೆಯೋ ಇಲ್ಲವೋ ನೋಡುವ ದಾರ. ಅದಕ್ಕೆ ಅವರು ಸೂತ ಅನ್ನುತ್ತಿದ್ದರು. ಇಂಚಿನ ಎಂಟನೆಯ ಒಂದು ಪಾಲಿಗೂ ನಮ್ಮ ಕಡೆ ಹಳೆಯ ಕಸಬಿನವರು ಸೂತ ಅಂತಲೇ ಅನ್ನುತ್ತಾರೆ. ದಾರವೂ ಸೂತ, ಅಳತೆಯೂ ಸೂತ. ಈ ಎರಡರ ನಡುವೆ ಎಡವಿದವಳು ನಾನು. ಪೆಟ್ಟು ತಿಂದವರು ಅವರು.

ಅವರು ನಮ್ಮ ಟರ್ನರ್ ಕಾಕಾ. ರಕ್ತಸಂಬಂಧ ಏನೂ ಇರಲಿಲ್ಲ. ನಾನು, ಅಣ್ಣ ಸಣ್ಣವರಿದ್ದಾಗ ರಾಣೆಬೆನ್ನೂರಿನಲ್ಲಿ ಅವರ ಮನೆಯ ಮಗ್ಗುಲಲ್ಲೇ ಬಾಡಿಗೆಗಿದ್ದೆವು. ಕುಮಾರಪಟ್ಟಣದ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಬಹಳ ವರ್ಷ ದುಡಿದು ಬಂದು, ಮನೆಯ ಮುಂದಿನ ಖೋಲಿಯಲ್ಲಿ ಸ್ವಂತದ್ದೊಂದು ಹಳೆಯ ಲೇಥ್, ಉಕ್ಕನ್ನು ತಿರುಗಿಸಿ ಕೊರೆಯುವ ಮಶಿನ್, ಹಾಕಿಕೊಂಡಿದ್ದರು. ಮಕ್ಕಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಅಲ್ಲೇ ಬಿದ್ದಿರುತ್ತಿದ್ದೆವು. ಅಣ್ಣನಿಗೆ ಬೇಕಿದ್ದದ್ದು ಕಾಕಾನ ಹೆಂಡತಿ, ನಮ್ಮ ಕಾಕು, ಮಾಡುವ ಮಂಡಕ್ಕಿ ಸೂಸಲ. ನನಗೆ ಬೇಕಿದ್ದದ್ದು ಲೇಥ್. ಉಕ್ಕಿನ ಸಿಪ್ಪೆ ನೀಲಿಯಾಗಿ ಸುರುಳಿ ಸುರುಳಿ ಬೀಳುವುದನ್ನು ನೋಡುತ್ತ ಊಟ ಮರೆಯುತ್ತಿದ್ದೆ.

ಹತ್ತನೆಯ ಇಯತ್ತೆ ಮುಗಿದ ಮೇಲೆ ನಾನು ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಹೋಗುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ಕಾಕಾ ಬಂದು ಅಪ್ಪನ ಎದುರು ಕೂತು, "ಹೆಣ್ಣು ಹುಡುಗಿ ಮುಟ್ಟಿದ್ರ ತಿರಗಬ್ಯಾಡ ಅಂತ ಲೇಥಿಗೆ ಯಾರು ಹೇಳ್ಯಾರ್ರೀ? ಅದಕ್ಕೇನು ತಿಳೀತೈತಿ?" ಅಂದರು. ಅಪ್ಪ ನಕ್ಕುಬಿಟ್ಟರು. ಇವತ್ತು ನಾನು ಹಾವೇರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಡ್ರಾಯಿಂಗ್ ಕಲಿಸಿ ಅನ್ನ ತಿನ್ನುತ್ತಿದ್ದರೆ ಅದು ಅವರ ಆ ಒಂದು ಮಾತಿನಿಂದ.

ಅವರದೊಂದಿಷ್ಟು ಕಟ್ಟುನಿಟ್ಟುಗಳಿದ್ದವು. ಆಯುಧ ಪೂಜೆಗೆ ಲೇಥಿನ ಕಾಲಿಗಷ್ಟೇ ಕುಂಕುಮ. ಹತ್ಯಾರ ಹಿಂದೆಮುಂದೆ ಸರಿಯುವ ಮೇಲಿನ ಹಾಸಿನ ಮೇಲೆ ಯಾರಾದರೂ ಕುಂಕುಮ ಹಚ್ಚಲು ಹೋದರೆ ಸಿಡುಕುತ್ತಿದ್ದರು: "ಪುಡಿ ಒಳಗ ಹೋತಂದ್ರ ಸವಿತೈತಿ. ದೇವರಿಗೆ ಕಾಲು ಮುಟ್ಟಿದ್ರ ಸಾಕು." ಮಾಡಿದ ಕೆಲಸವನ್ನು ತಾವೇ ಒಮ್ಮೆ ಸೂತ ಹಿಡಿದು ನೋಡದೆ ಯಾರಿಗೂ ಚಾಲೂ ಮಾಡಲು ಬಿಡುತ್ತಿರಲಿಲ್ಲ. ಲಗೂ ಕೊಡ್ರಿ ಅಂದವರಿಗೆ, "ಅವಸರಿದ್ರ ಬಸ್‌ಸ್ಟ್ಯಾಂಡಿಗೆ ಹೋಗ್ರಿ, ಇಲ್ಲಿ ಯಾಕ ಬಂದೀರಿ?" ಅಂತ ಬೈಯುತ್ತಿದ್ದರು. ಬೈಸಿಕೊಂಡವರು ಮತ್ತೆ ಅಲ್ಲಿಗೇ ಬರುತ್ತಿದ್ದರು.

ಅಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಕ್ಕೆ ನಿಂತ. ಅಪ್ಪ, ಅವ್ವನೂ ಅಲ್ಲಿಗೇ ಹೋದರು. ನಾಲ್ಕು ವರ್ಷ ದುಡಿದು ಹುಬ್ಬಳ್ಳಿಯ ಯಾರ ಹತ್ತಿರವೋ ಒಂದು ದೊಡ್ಡ ಮೋಟರ್ ಸೈಕಲ್ ಕೊಂಡ. ಹಳೆಯದೇ, ಆದರೆ ಊರಿಗೆ ಒಂದೇ ಅಂಥದ್ದು. ಅದಕ್ಕೆ ಚೈನ್ ಇಲ್ಲ, ರಬ್ಬರಿನ ಅಗಲ ಹಲ್ಲಿನ ಬೆಲ್ಟ್. ಎಣ್ಣೆ ಬೇಡ, ಸಪ್ಪಳವಿಲ್ಲ. ಅಣ್ಣನಿಗೆ ಅದರ ಮೇಲೆ ಎಷ್ಟು ಜೀವ ಅಂದರೆ, ಹೆಂಡತಿ ಬರೋದು ಬ್ಯಾಡ, ಇದು ಸಾಕು ಅಂತ ಅವ್ವನನ್ನು ಕಾಡಿಸುತ್ತಿದ್ದ. ಹೆಂಡತಿ ಬರಲೇ ಇಲ್ಲ. ಮೂವತ್ತನಾಲ್ಕಕ್ಕೆ ಅವನಿಗೆ ರಕ್ತದ ಕಾಯಿಲೆ ಬಂತು, ಏಳು ತಿಂಗಳಲ್ಲಿ ಹೋಗಿಬಿಟ್ಟ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಗಾಡಿ ಚಾಲೂ ಇಡು. ನಿಂದರಸಬ್ಯಾಡ" ಅಂದಿದ್ದ.

ನಾನು ನಿಲ್ಲಿಸಿದೆ. ಒಂದೂವರೆ ವರ್ಷ ಅದರ ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ. ಮೆಣಸಿನಕಾಯಿ ಗೋದಾಮಿನ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿತ್ತು. ಒಂದು ದಿನ ಮನಸ್ಸು ಗಟ್ಟಿ ಮಾಡಿ ಗೋಣಿ ಎಳೆದರೆ, ಬೆಲ್ಟಿನ ಅರ್ಧ ಅಗಲ ಇಲಿ ತಿಂದುಹಾಕಿತ್ತು. ಸುತ್ತ ಕ್ವಿಂಟಾಲುಗಟ್ಟಲೆ ಮೆಣಸಿನಕಾಯಿ, ಆ ಹಾಳಾದ ಇಲಿಗೆ ಬೇರೆ ಏನು ರುಚಿಸೀತು? ಅಂಥ ಬೆಲ್ಟ್ ನಮ್ಮ ಕಡೆ ಎಲ್ಲೂ ಸಿಗಲಿಲ್ಲ. ಗುಜರಿಗೆ ಹಾಕಿಬಿಡು ಅಂದರು ಕೆಲವರು. ನಾನು ಕಾಕಾನಿಗೆ ಫೋನ್ ಹಚ್ಚಿ ಅತ್ತೆ.

"ಅಳಬ್ಯಾಡ. ಬೆಲ್ಟ್ ತಗದು ಚೈನ್ ಹಾಕೂಣು. ಸಪ್ಪಳ ಮಾಡ್ತೈತಿ, ಮಾಡ್ಲಿ ಬಿಡು. ನಿಮ್ಮಣ್ಣನೂ ಏನ್ ಸುಮ್ನ ಕುಂದ್ರಾಂವ ಇದ್ದಿಲ್ಲ" ಅಂದರು. ನಾನು ಅಳುತ್ತಲೇ ನಕ್ಕೆ.

ಮರುದಿನವೇ ಬಸ್ ಹತ್ತಿ ಬ್ಯಾಡಗಿಗೆ ಬಂದರು. ಘಾಟಿಗೆ ಒಂದೇ ಸಮ ಸೀನುತ್ತ ಗೋದಾಮಿನ ನೆಲದ ಮೇಲೆ ಕೂತು ಗಾಲಿ ಬಿಚ್ಚಿದರು. ಬೆಲ್ಟ್ ಅಗಲ, ಚೈನ್ ಸಣ್ಣದು. ಹಿಂದಿನ ಹಲ್ಲಿನ ಚಕ್ರ ಮುಂದಿನದರ ನೇರಕ್ಕೆ ಬರಬೇಕಾದರೆ ಗಾಲಿಗೂ ಚಕ್ರಕ್ಕೂ ನಡುವೆ ಉಕ್ಕಿನ ಒಂದು ಉಂಗುರ ಕೂಡಿಸಬೇಕು. ಕಾಕಾ ಅದಕ್ಕೆ ಬಳಿ ಅಂದರು, ಕೈಬಳೆಯ ಬಳಿ. ಅದು ಎಷ್ಟು ದಪ್ಪ ಇರಬೇಕು ಅನ್ನುವುದರಲ್ಲೇ ಇಡೀ ಕೆಲಸ ಇತ್ತು. ಮಣಿಕಟ್ಟಿನ ಸೂತ ಬಿಚ್ಚಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಆ ತಿಂಗಳೇ ಕಣ್ಣಿನ ಡಾಕ್ಟರು ಅವರಿಗೆ ಪೊರೆ ಬರುತ್ತಿದೆ ಅಂದಿದ್ದರು. ಅದರ ಅಳುಕು ಅವರ ಮುಖದ ಮೇಲೆ ನನಗೆ ಕಂಡಿತ್ತು. ಸ್ಕೇಲ್ ಇಟ್ಟು ಎರಡೆರಡು ಸಲ ಅಳೆದರು. ಆಮೇಲೆ ಅಂದರು:

"ಬರ್ಕೋ ತಂಗಿ. ಸೂತ ಬಿಟ್ಟು ಮೂರು ಸೂತ."

ನಾನು ಬರೆದುಕೊಂಡೆ. ಬರೆದುಕೊಂಡು, "ಈಗಿನ ಕಾಲದಾಗ ಸೂತ ಅಂದ್ರ ಯಾರಿಗೆ ತಿಳೀತೈತಿ ಕಾಕಾ? ನಾ ಮಿಲಿಮೀಟರ್‌ನ್ಯಾಗ ಚಂದಂಗ ಡ್ರಾಯಿಂಗ್ ಹಾಕಿ ಕಳಸ್ತೇನಿ, ನೀವು ಅದನ್ನ ನೋಡಿ ಮಾಡ್ರಿ" ಅಂದೆ. ನನ್ನ ಸೊಕ್ಕು, ಮತ್ತೇನು. ಅವರು, "ಆತವಾ, ಕಲ್ತಾಕಿ ನೀ" ಅಂದರು. ಕುಹಕ ಇರಲಿಲ್ಲ ಅದರಲ್ಲಿ. ನನ್ನ ಓದಿನ ಬಗ್ಗೆ ಅವರಿಗೆ ಖರೇ ಹೆಮ್ಮೆಯಿತ್ತು.

ವಾರದಲ್ಲಿ ಕೆಲಸ ಮುಗಿಸಿದರು. ಹಳೆಯ ಬೆಲ್ಟ್ ಪುಲ್ಲಿಯ ಹಲ್ಲೆಲ್ಲ ತುರಿದು, ನಡುವಿನ ಭಾಗ ಉಳಿಸಿಕೊಂಡು, ಅದರ ಮೇಲೆ ಚೈನಿನ ಚಕ್ರ ಕೂಡಿಸಿದ್ದರು. ಬಳೆ ನನ್ನ ಕಾಗದದ ಪ್ರಕಾರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಂದಿತ್ತು. ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿ ಫೋನ್ ಮಾಡಿದರು: "ಕೂಡಿಸಿಡು. ಚಾಲೂ ಮಾತ್ರ ಮಾಡಬ್ಯಾಡ. ರವಿವಾರ ನಾ ಬಂದು ಸೂತ ಹಿಡಿದು ನೋಡೂತನಕ ಅದು ಗಾಡಿನ ಅಲ್ಲ, ತಿಳೀತಿಲ್ಲೋ?"

ತಿಳೀತು ಕಾಕಾ ಅಂದೆ. ಶುಕ್ರವಾರ ಅಣ್ಣ ಹುಟ್ಟಿದ ದಿನ ಇತ್ತು. ರವಿವಾರದ ತನಕ ನನಗೆ ತಡೆಯಲಾಗಲಿಲ್ಲ. ಚೈನ್ ಏರಿಸಿದೆ, ಕಿಕ್ಕಿರಿದ ಗೋದಾಮಿನಿಂದ ಗಾಡಿ ಹೊರಗೆ ತಂದೆ, ಚಾಲೂ ಮಾಡಿದೆ. ಅವ್ವ ಆ ಸಪ್ಪಳ ಕೇಳಿ ಬಾಗಿಲಿಗೆ ಬಂದು, ಬಾಯಿಗೆ ಸೆರಗು ಇಟ್ಟುಕೊಂಡು ನಿಂತಳು. ನಾನು ಹಾವೇರಿಯ ದಾರಿ ಹಿಡಿದೆ. ಚೈನು ಮೊದಲಿನಿಂದಲೂ ಕಿರ್ ಕಿರ್ ಅನ್ನುತ್ತಿತ್ತು. ಹೊಸದಲ್ಲವೇ, ಅಂದುಕೊಂಡೆ. ಮೋಟೆಬೆನ್ನೂರು ದಾಟುವಾಗ ಅದು ಹಲ್ಲಿನಿಂದ ಜಿಗಿದು ಹಿಂದಿನ ಗಾಲಿಗೆ ಸುತ್ತಿಕೊಂಡಿತು. ನಾನು ರಸ್ತೆಯ ಮಗ್ಗುಲಿಗೆ ಬಿದ್ದಿದ್ದೆ. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿ ಒಂದು ಮಾರು ದೂರಕ್ಕೆ ನಿಲ್ಲಿಸಿದ. ಎಡಗಾಲು ಎರಡು ಕಡೆ ಮುರಿದಿತ್ತು.

ಮರುದಿನ ಕಾಕಾ ಹಾವೇರಿಯ ಆಸ್ಪತ್ರೆಗೆ ಬಂದರು. ಬರುವಾಗ ಬ್ಯಾಡಗಿಯಲ್ಲಿ ಇಳಿದು, ನಮ್ಮವರು ತಂದು ನಿಲ್ಲಿಸಿದ್ದ ಗಾಡಿಗೆ ಸೂತ ಹಿಡಿದು ನೋಡಿಯೇ ಬಂದಿದ್ದರು. ಮಂಚದ ಹತ್ತಿರ ನಿಂತರು, ಕೂರಲಿಲ್ಲ.

"ಒಂದ ಸೂತ ತಪ್ಪೈತಿ ತಂಗಿ. ಬರೇ ಒಂದ ಸೂತ."

"ನೀವು ಬರೂಕಿಂತ ಮೊದಲ ನಾ ಚಾಲೂ ಮಾಡೀನಿ ಕಾಕಾ. ತಪ್ಪು ನಂದು."

"ಅವಸರ ಮಾಡಿದಿ, ಖರೇ. ಆದ್ರ ಅಳತಿ ಸರಿ ಇದ್ದಿದ್ರ ನಿನ್ನ ಅವಸರಕ್ಕೂ ನಡೀತಿತ್ತು." ಮಣಿಕಟ್ಟಿನ ದಾರ ತಿರುವುತ್ತ ಕೇಳಿದರು: "ಅವತ್ತು ನಾ ಎಷ್ಟ ಸೂತ ಹೇಳಿದ್ನಿ? ಮೂರು ಅಂದಂಗ ನೆನಪೈತಿ ನಂಗ."

"ಎರಡು ಕಾಕಾ" ಅಂದೆ. ನನಗೆ ಹಾಗೇ ನೆನಪಿತ್ತು. ಖಂಡಿತ ಹಾಗೇ ನೆನಪಿತ್ತು.

ಅವರ ಮುಖ ಸಣ್ಣದಾಯಿತು. "ನೀ ಬರ್ಕೊಂಡೀದಿ, ನಿಂದ ಖರೇ ಇರ್ಬೇಕು ಬಿಡು. ಹಂಗಾರ ನನ್ನ ಕಣ್ಣ ತಪ್ಪೈತಿ. ನಿಮ್ಮಣ್ಣ ಹೋದ. ಇದ್ದ ಒಬ್ಬಾಕಿನ್ನೂ ನಾನ ಕೊಲ್ಲಾಂವ ಇದ್ನೆಲ್ಲವಾ" ಅಂದರು. ಎಲ್ಲರನ್ನೂ ಗದರಿಸುತ್ತಿದ್ದ ಮನುಷ್ಯ ಎರಡೂ ಕೈ ಜೋಡಿಸಿ ನನ್ನ ಮುಂದೆ ನಿಂತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ನಾಲ್ಕನೆಯ ದಿನ ಮನೆಗೆ ಬಂದೆ. ಕಾಲಿಗೆ ಪ್ಲಾಸ್ಟರು, ಮಾಡಲು ಕೆಲಸವಿಲ್ಲ. ಬ್ಯಾಗಿನಲ್ಲಿದ್ದ ನೋಟ್‌ಬುಕ್ ತೆಗೆದೆ. ಅವರ ಮಾತು ಇದ್ದ ಹಾಗೇ ಬರೆದುಕೊಂಡಿದ್ದೆ: ಸೂತ ಬಿಟ್ಟು ಮೂರು ಸೂತ. ಅದರ ಕೆಳಗೆ ನನ್ನ ಅಕ್ಷರದಲ್ಲೇ, ಮೂರರಲ್ಲಿ ಒಂದು ಕಳೆದರೆ ಎರಡು. ಅದರ ಮುಂದೆ ಮಿಲಿಮೀಟರ್. ಅಯ್ಯ ಶಿವನೇ! ದಾರದ ದಪ್ಪ ಬಿಟ್ಟು ಮೂರು ಸೂತ ಅಂತ ಅವರು ಹೇಳಿದ್ದರು. ಒಂದು ಸೂತ ಬಿಟ್ಟು ಅಂತ ನಾನು ತಿಳಿದಿದ್ದೆ. ಅವರ ಪೊರೆಗಣ್ಣು ಒಂದಿಷ್ಟೂ ತಪ್ಪಿರಲಿಲ್ಲ.

ಆಗಲೇ ಫೋನ್ ಹಚ್ಚಬೇಕಿತ್ತು. ಹಚ್ಚಲಿಲ್ಲ. ನಾನು ಡ್ರಾಯಿಂಗ್ ಕಲಿಸುವವಳು. ಅಳತೆ ತಪ್ಪಿದ ಹುಡುಗರ ಹಾಳೆಯ ಮೇಲೆ ಕೆಂಪು ಗೀಟು ಎಳೆಯುವವಳು. ಸೂತ ಅಂದರೆ ಏನು ಅಂತ ತಿಳಿಯದೆ ಕಾಲು ಮುರಿದುಕೊಂಡೆ ಅಂತ ಯಾರ ಮುಂದೆ ಹೇಳಲಿ? ಪ್ಲಾಸ್ಟರ್ ಬಿಚ್ಚಲಿ, ರಾಣೆಬೆನ್ನೂರಿಗೆ ಹೋಗಿ ಎದುರೆದುರೇ ಹೇಳುತ್ತೇನೆ ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ವಾರಕ್ಕೊಮ್ಮೆ ಅವರೇ ಫೋನ್ ಮಾಡುತ್ತಿದ್ದರು. "ಕಾಲು ಹ್ಯಾಂಗೈತಿ ತಂಗಿ?" "ಆರಾಮೈತಿ ಕಾಕಾ." ಅಷ್ಟೇ. ಆರು ವಾರ, ಆರು ಫೋನು, ಆರು ಸಲವೂ ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ. ನಾಚಿಕೆಗೇಡಿ ನಾನು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕುಂಟುತ್ತ ಹೋದೆ. ಮುಂದಿನ ಖೋಲಿಯ ಬಾಗಿಲು ತೆರೆದೇ ಇತ್ತು. ಒಳಗೆ ಲೇಥ್ ಇರಲಿಲ್ಲ. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು, ಎಣ್ಣೆಯ ಕಲೆ. ಕಾಕಾ ಒಳಮನೆಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅವರ ಕೈ ಅಷ್ಟು ಸ್ವಚ್ಛ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ದಾರ ಮಾತ್ರ ಮಣಿಕಟ್ಟಿನಲ್ಲಿತ್ತು.

"ಕರ್ಜಗಿಯಾಂವ ಒಬ್ಬ ತಗೊಂಡು ಹೋದ. ಕಣ್ಣಿಲ್ಲದಾಂವ ಲೇಥ್ ಇಟ್ಕೊಂಡು ಏನ್ ಮಾಡೂದೈತಿ?" ಅಂದರು.

ನಾನು ನೋಟ್‌ಬುಕ್ ತೆಗೆದು ಓದಿದೆ. ಅವರು ಹೇಳಿದ್ದು, ನಾನು ಕಳೆದದ್ದು, ಎಲ್ಲಾ. ಅವರು ಕೇಳಿಸಿಕೊಂಡರು. "ಮತ್ತೊಮ್ಮೆ ಓದು" ಅಂದರು. ಮತ್ತೊಮ್ಮೆ ಓದಿದೆ. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು.

"ಹಂಗಾರ ಕಣ್ಣು ಸರಿ ಇತ್ತು" ಅಂದರು. "ಏ, ಕೇಳಿದೇನ? ನನ್ನ ಕಣ್ಣು ಸರಿ ಇತ್ತಂತ!"

ಕಾಕು ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒಂದು ಬಿಸ್ಕೀಟಿನ ತಗಡಿನ ಡಬ್ಬಿ. ಅದನ್ನು ನನ್ನ ಮುಂದೆ ಇಟ್ಟು ಮುಚ್ಚಳ ತೆಗೆದಳು. ಒಳಗೆ ಉಕ್ಕಿನ ಬಳೆಗಳು, ಹದಿನೇಳು. ನನ್ನ ಡ್ರಾಯಿಂಗಿನ ಅಳತೆಯವೇ. "ದಿನಾ ಮುಂಜಾನೆ ಎದ್ದು ಇದನ್ನ ಮಾಡಿದ್ರು" ಅಂದಳು. "ನಿನ್ನ ಕಾಗದ ಮುಂದಿಟ್ಕೊಂಡು ಕೊರೀತಿದ್ರು, ಅಳೀತಿದ್ರು. ಎಲ್ಲಾ ಸರೀನ ಬರ್ತಿದ್ದು. ಕೈ ಸರಿ ಐತಿ, ಮತ್ತ ಎಲ್ಲಿ ತಪ್ಪಿದೆ ನಾ, ಅಂತ ಒಬ್ರ ಮಾತಾಡ್ಕೊಂತ ಕುಂದರ್ತಿದ್ರು. ಕಡೀಕ ಕಣ್ಣಿನ ಮ್ಯಾಲೆ ಹಾಕಿದ್ರು. ಲೇಥ್ ಹೋಗಿ ಇವತ್ತಿಗೆ ಎಂಟು ದಿನ ಆತು."

ಅವಳು ನನ್ನನ್ನು ಎತ್ತಿ ಆಡಿಸಿದವಳು. ಬೈಯಲಿಲ್ಲ. "ಎಂಟು ದಿನದ ಹಿಂದ ಬರ್ಬಾರದಿತ್ತೇನವಾ?" ಅಂತ ಅಷ್ಟೇ ಕೇಳಿದಳು.

ಲೇಥ್ ವಾಪಸ್ ತರೋಣ, ನಾನೇ ಹೋಗಿ ಕೇಳುತ್ತೇನೆ ಅಂದೆ. ಕಾಕಾ ಒಪ್ಪಲಿಲ್ಲ. "ಮಾತು ಕೊಟ್ಟು ಕಳಿಸಿದ್ದೈತಿ. ಆ ಮನಷ್ಯಾ ಅದರ ಮ್ಯಾಲೆ ಹೊಟ್ಟಿ ಹೊರಕೊಳ್ಳಾಕತ್ತಾನ. ಬ್ಯಾಡ." ಆದರೆ ಬಳೆ ಸರಿ ಮಾಡಲೇಬೇಕು ಅಂದರು. ಅದೂ ಅದೇ ಲೇಥಿನ ಮೇಲೆ.

ಮುಂದಿನ ರವಿವಾರ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಕರ್ಜಗಿಗೆ ಹೋದೆವು. ತಗಡಿನ ಶೆಡ್ಡು, ಸುತ್ತ ನೇಗಿಲು ಕುಂಟೆಗಳ ರಾಶಿ, ನಡುವೆ ನಮ್ಮ ಲೇಥು. ಅದರ ಹೊಸ ಯಜಮಾನ ಮರ್ಯಾದೆಯಿಂದ, "ಬರ್ರಿ ಕಾಕಾರ, ನೀವ ಹಿಡೀರಿ" ಅಂತ ಸರಿದು ನಿಂತ. ಕಾಕಾ ಕೈ ಹಿಂದೆ ಕಟ್ಟಿಕೊಂಡರು. "ಈಕಿ ಮಾಡ್ತಾಳ. ಕಣ್ಣು ಈಕೀದು, ಕೈ ಈಕೀದು, ಬೈಯೂದಷ್ಟ ನಂದು."

ಮೂರು ತಾಸು ಬೈದರು. ಹುಡುಗರಿಗೆ ಕಲಿಸುವ ನಾನು ಹುಡುಗಿಯ ಹಾಗೆ ಬೈಸಿಕೊಂಡೆ. ಮೂರು ಸೂತದ ಬಳೆ ಬಂತು. ಕೂಡಿಸಿ, ಚೈನ್ ಏರಿಸಿ, ಸೂತ ಹಿಡಿದೆವು. ಈ ಸಲ ಅವರು ಕಣ್ಣು ಮುಚ್ಚಲೂ ಇಲ್ಲ, ನೋಡಲೂ ಇಲ್ಲ. ಚಕ್ರಕ್ಕೂ ದಾರಕ್ಕೂ ನಡುವೆ ತೋರುಬೆರಳು ಆಡಿಸಿ, "ಬರೋಬರಿ" ಅಂದರು.

ಹೊರಡುವಾಗ ಒಂದು ಕ್ಷಣ ಲೇಥಿನ ಮುಂದೆ ನಿಂತರು. ಹೊಸ ಯಜಮಾನ ಪೂಜೆ ಮಾಡಿ ಅದರ ಹಾಸಿನ ಉದ್ದಕ್ಕೂ ಕುಂಕುಮ ಹಚ್ಚಿದ್ದ. ಕಾಕಾ ಹೆಗಲ ಮೇಲಿನ ವಸ್ತ್ರ ತೆಗೆದು, ನಿಧಾನಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಯತನಕ ಒರೆಸಿದರು. ಒರೆಸಿದ ವಸ್ತ್ರವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು. ಹಿಂದೆ ಕೂತುಕೊಳ್ಳಿ, ಗಾಡಿಯ ಮೇಲೇ ಮನೆಗೆ ಬಿಡುತ್ತೇನೆ ಅಂದರೆ, "ನೀ ನಡಿ ಮುಂದ. ನಾ ಇಲ್ಲೆ ನಿಂತು ಕೇಳ್ತೇನಿ" ಅಂದರು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ರಸ್ತೆಯಲ್ಲಿ ಕಿವಿಗೆ ಕೈ ಹಚ್ಚಿಕೊಂಡು ನಿಂತಿದ್ದರು.

ಆಮೇಲೆ ಅವರು ಯಾವ ಲೇಥಿನ ಹತ್ತಿರವೂ ಹೋಗಲಿಲ್ಲ. ಪೊರೆ ತೆಗೆಸಿಕೊಂಡರು, ಕಣ್ಣು ಚೊಕ್ಕ ಆಯಿತು, ಅದರಿಂದ ನೋಡಲು ಅವರಿಗೆ ಏನೂ ಉಳಿದಿರಲಿಲ್ಲ. ನಾನು ಹೋದಾಗಲೆಲ್ಲ ಗಾಡಿಯ ಚೈನ್ ಮುಟ್ಟಿ ನೋಡಿ, ಎಣ್ಣೆ ಕಮ್ಮಿ ಹಾಕೀದಿ ಅಂತ ಬೈಯುತ್ತಿದ್ದರು. ಬಿಸ್ಕೀಟಿನ ಡಬ್ಬಿ ನನಗೇ ಕೊಟ್ಟರು. ಪ್ರತಿ ವರ್ಷ ಹೊಸ ಹುಡುಗರು ಬಂದಾಗ ಅದರಲ್ಲಿನ ಬಳೆಗಳನ್ನು ಹಂಚಿ ಅಳೆಯಲು ಹೇಳುತ್ತೇನೆ. ಎಲ್ಲ ಒಂದೇ ಅಳತೆ ಬರುತ್ತದೆ, ಹುಡುಗರು ಬೆರಗಾಗುತ್ತಾರೆ. ಆಗ ನನ್ನ ನೋಟ್‌ಬುಕ್ಕಿನ ಆ ಪುಟ ತೋರಿಸುತ್ತೇನೆ. ತಪ್ಪು ನನ್ನದು ಅಂತ ಎಲ್ಲರೆದುರು ಹೇಳುತ್ತೇನೆ. ಅವರಿಗೆ ಹೇಳಬೇಕಾದಾಗ ಹೇಳದ್ದನ್ನು ವರ್ಷಾ ವರ್ಷಾ ಹೇಳುತ್ತೇನೆ.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ, ಒಂದು ಬುಧವಾರ ಮುಂಜಾನೆ, ಚಹಾದ ಕಪ್ಪು ಕೈಯಲ್ಲಿದ್ದ ಹಾಗೇ ಕಾಕಾ ಹೋಗಿಬಿಟ್ಟರು. ಸುದ್ದಿ ಕೇಳಿ ಅಣ್ಣನ ಗಾಡಿಯ ಮೇಲೇ ರಾಣೆಬೆನ್ನೂರಿಗೆ ಹೋದೆ. ದಾರಿಯುದ್ದಕ್ಕೂ ಚೈನ್ ಒಂದೇ ಸಮ ಓಡಿತು. ಅಂಗಳದಲ್ಲಿ ಜನ ಸೇರಿದ್ದರು. ಹಿರಿಯರು ಮೈತೊಳೆಸಿ, ಬೆರಳಿನ ಉಂಗುರ ತೆಗೆದು ಕಾಕುವಿನ ಕೈಗೆ ಕೊಟ್ಟರು. ಒಬ್ಬರು ಮಣಿಕಟ್ಟಿನ ದಾರಕ್ಕೆ ಕೈ ಹಾಕಿದರು. ಇನ್ನೊಬ್ಬರು ತಡೆದರು: "ಏ, ಬ್ಯಾಡ ಬ್ಯಾಡ. ಯಾವ ದೇವರ ದಾರನೋ ಏನೋ. ಇರ್ಲಿ ಬಿಡ್ರಿ, ಕೂಡ ಹೋಗ್ಲಿ."

ಕಾಕು ನನ್ನನ್ನು ನೋಡಿದಳು. ಅದು ಏನು ಅಂತ ಆ ಅಂಗಳದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನನಗೆ ಆ ದಾರ ಬೇಕಾಗಿತ್ತು, ಬಹಳ ಬೇಕಾಗಿತ್ತು. ಬಾಯಿ ಬಿಟ್ಟು ಕೇಳಿದ್ದರೆ ಕೊಡುತ್ತಿದ್ದರು. ಹಿಂದೆ ಒಮ್ಮೆ ಸುಮ್ಮನಿದ್ದು ಅವರ ಲೇಥ್ ಕಳೆದವಳು ನಾನು. ಅವತ್ತೂ ಸುಮ್ಮನಿದ್ದೆ. ಸೂತ ಅವರ ಕೈಯಲ್ಲೇ ಹೋಯಿತು.